ನಮ್ಮ ನಾಡು ನೋಡಲು ಬಂದವರ ಪುಸ್ತಕಗಳು: ಮೊದಲು ಯಾವುದನ್ನು ಓದಬೇಕು?

ಅಕ್ಕನ ಮಗಳು ಹೋದ ತಿಂಗಳು ಹಂಪಿಗೆ ಹೋಗಿ ಬಂದಳು. ಬಂದ ರಾತ್ರಿಯೇ ಫೋನು. "ಮಾವ, ಅಲ್ಲಿ ಗೈಡು ಮಾತು ಮಾತಿಗೂ ಪಾಯಸ್ ಹೀಗಂದ, ನೂನಿಜ್ ಹಾಗಂದ ಅಂತಿದ್ರು. ಅವರು ಬರೆದಿದ್ದನ್ನ ನಾನೇ ಓದಬೇಕು. ಯಾವ ಪುಸ್ತಕ ತಗೊಳ್ಲಿ?" ಇವರಿಬ್ಬರೂ ಹದಿನಾರನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸರು. ಅಷ್ಟರಲ್ಲಿ ಅವಳು ಆನ್‌ಲೈನ್ ಅಂಗಡಿಯಲ್ಲಿ ಏಳು ಪುಸ್ತಕ ಆರಿಸಿ ಇಟ್ಟಿದ್ದಳು. ದುಡ್ಡಿರುವುದು ಎರಡಕ್ಕೆ. ಓದಲು ಸಿಗುವ ಸಮಯ ದಿನಕ್ಕೆ ಒಂದು ಗಂಟೆ, ಅದೂ ಬಸ್ಸಿನಲ್ಲಿ ಸೀಟು ಸಿಕ್ಕರೆ.

ಇದೇ ಪ್ರಶ್ನೆಯನ್ನು ಇನ್ನೂ ಕೆಲವರು ನನಗೆ ಕೇಳಿದ್ದಾರೆ. ದೂರದಿಂದ ನಮ್ಮ ಕಡೆಗೆ ಬಂದು, ಕಂಡದ್ದನ್ನು ಬರೆದಿಟ್ಟವರ ಪುಸ್ತಕಗಳೆಂದರೆ ನನಗೆ ಬಹಳ ಇಷ್ಟ. ಶಾಸನದಲ್ಲಿ ರಾಜನ ಬಿರುದು ಸಿಗುತ್ತದೆ, ಆದರೆ ರಾಜ ಬೆಳಗ್ಗೆ ಎದ್ದು ಏನು ಮಾಡುತ್ತಿದ್ದ ಅನ್ನುವುದು ಸಿಗುವುದು ಹೊರಗಿನಿಂದ ಬಂದವನ ಬರಹದಲ್ಲೇ. ನಮಗೆ ದಿನನಿತ್ಯದ ವಿಷಯ ಅವನಿಗೆ ಹೊಸದು, ಹಾಗಾಗಿ ಅದನ್ನು ಬರೆಯುತ್ತಾನೆ. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಮಗ್ಗಿ ಬರೆದಿದ್ದನ್ನು ನಮ್ಮವರು ಯಾರೂ ಬರೆದಿಡಲಿಲ್ಲ, ಒಬ್ಬ ಇಟಲಿಯವನು ಬರೆದ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಆರಿಸುವ ಮೊದಲು

ಪ್ರತಿ ಪುಸ್ತಕದ ಮುಂದೆಯೂ ನಾನು ಮೊದಲು ಕೇಳುವ ಪ್ರಶ್ನೆ: ಬರೆದವನು ಕಣ್ಣಾರೆ ಕಂಡನಾ, ಯಾರಿಂದಲೋ ಕೇಳಿದನಾ? ಇದು ತುಂಬ ಮುಖ್ಯ. ನೂನಿಜ್ 1535ರ ಸುಮಾರಿಗೆ ವಿಜಯನಗರದಲ್ಲಿದ್ದ ಕುದುರೆ ವ್ಯಾಪಾರಿ. ತನ್ನ ಕಾಲದ ಅರಮನೆಯ ಖರ್ಚುವೆಚ್ಚದ ಬಗ್ಗೆ ಅವನು ಹೇಳಿದ್ದಕ್ಕೆ ತೂಕವಿದೆ. ಆದರೆ ರಾಜ್ಯ ಹುಟ್ಟಿದ ಕಥೆಯನ್ನು ಅವನು 1230ರಿಂದ ಶುರು ಮಾಡುತ್ತಾನೆ, ಅಂದರೆ ಸುಮಾರು ನೂರು ವರ್ಷ ಹಿಂದಕ್ಕೆ ಹೋಗಿಬಿಟ್ಟಿದ್ದಾನೆ. ಅದು ಅವನು ಜನರ ಬಾಯಲ್ಲಿ ಕೇಳಿದ್ದು. ಒಬ್ಬನೇ ಮನುಷ್ಯ, ಒಂದೇ ಪುಸ್ತಕ, ಒಂದು ಪುಟ ನಂಬಬೇಕು, ಇನ್ನೊಂದು ಪುಟ ತಡೆದು ನೋಡಬೇಕು. ಇಟಲಿಯ ವ್ಯಾಪಾರಿ ನಿಕೊಲೊ ಕೊಂಟಿ ವಿಜಯನಗರದ ಸುತ್ತಳತೆ 60 ಮೈಲಿ ಅನ್ನುತ್ತಾನಲ್ಲ, ಅದನ್ನೂ ಅವನೇ ಬರೆದದ್ದಲ್ಲ. ಊರಿಗೆ ವಾಪಸು ಹೋದ ಮೇಲೆ ಪೋಪನ ಕಾರ್ಯದರ್ಶಿಯಾಗಿದ್ದ ಪೊಜ್ಜೊ ಎಂಬುವನಿಗೆ ಹೇಳಿದ, ಪೊಜ್ಜೊ ಬರೆದುಕೊಂಡ.

ಎರಡನೆಯದು ಭಾಷೆ. ಇವುಗಳಲ್ಲಿ ಜಾಸ್ತಿ ಪುಸ್ತಕಗಳು ಇಂಗ್ಲಿಷಿನಲ್ಲಿವೆ, ಅದೂ ನೂರು ಇನ್ನೂರು ವರ್ಷದ ಹಿಂದಿನ ಇಂಗ್ಲಿಷ್. ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಇದು ಸಣ್ಣ ವಿಷಯ ಅಲ್ಲ. ಒಂದು ಪುಟಕ್ಕೆ ಮೂರು ಸಲ ಡಿಕ್ಷನರಿ ತೆಗೆಯಬೇಕಾದರೆ ಹತ್ತನೇ ಪುಟಕ್ಕೆ ಪುಸ್ತಕ ಕಪಾಟು ಸೇರುತ್ತದೆ.

ಮೂರನೆಯದು, ಪುಸ್ತಕದಲ್ಲಿ ನಮ್ಮ ಭಾಗ ಎಷ್ಟಿದೆ ಅನ್ನುವುದು. ಮೊರಾಕೊದ ಪ್ರವಾಸಿ ಇಬ್ನ್ ಬತೂತನ ಪುಸ್ತಕ ದೊಡ್ಡದು, ಅದರಲ್ಲಿ ಹೊನ್ನಾವರಕ್ಕೆ ಇರುವುದು ಕೆಲವೇ ಪುಟ. ಇನ್ನೂರು ವರ್ಷದ ಹಿಂದೆ ಇಲ್ಲಿ ಸುತ್ತಿದ ಬ್ರಿಟಿಷ್ ಡಾಕ್ಟರ್ ಬುಕನನ್‌ನ ಮೂರು ಸಂಪುಟದಲ್ಲಿ ಬಹುಪಾಲು ನಮ್ಮದೇ ಊರುಗಳು.

ಕೊನೆಗೆ ದುಡ್ಡು. ಇಲ್ಲಿ ಖುಷಿಯ ಸುದ್ದಿ ಇದೆ. ಹಳೆಯ ಪುಸ್ತಕಗಳ ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಹೆಚ್ಚಿನವು ಪುಸ್ತಕ ಸಂಗ್ರಹದ ಜಾಲತಾಣಗಳಾದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲೋ ಇಂಟರ್ನೆಟ್ ಆರ್ಕೈವ್‌ನಲ್ಲೋ ಪುಕ್ಕಟೆ ಸಿಗುತ್ತವೆ. ಅಚ್ಚಾದ ಪ್ರತಿಯೇ ಬೇಕು ಅನ್ನುವವರು ಮಾತ್ರ ಹುಷಾರಾಗಿರಬೇಕು. ನಾನು ಒಮ್ಮೆ ಅಗ್ಗಕ್ಕೆ ಸಿಕ್ಕಿತು ಅಂತ ಒಂದು ಮರುಮುದ್ರಣ ತರಿಸಿಕೊಂಡೆ. ಹಳೆ ಪುಸ್ತಕವನ್ನು ಸ್ಕ್ಯಾನ್ ಮಾಡಿ ಹಾಗೇ ಅಚ್ಚು ಹಾಕಿದ್ದರು. ಮಡಚಿಟ್ಟಿದ್ದ ನಕಾಶೆಯನ್ನು ಬಿಡಿಸದೆ ಸ್ಕ್ಯಾನ್ ಮಾಡಿದ್ದರಿಂದ ಅರ್ಧ ನಕಾಶೆ ಇತ್ತು, ಇನ್ನರ್ಧ ಇರಲಿಲ್ಲ. ಅಡಿಟಿಪ್ಪಣಿಯ ಅಕ್ಷರವಂತೂ ಇರುವೆ ಸಾಲು. ಪ್ರವಾಸದ ಪುಸ್ತಕದಲ್ಲಿ ನಕಾಶೆ ಇಲ್ಲದಿದ್ದರೆ ಓದುವವನಿಗೆ ದಾರಿಯೇ ಇಲ್ಲ. ಅದಕ್ಕೆ ಹೇಳುವುದು, ಕೊಳ್ಳುವ ಮೊದಲು ಪುಕ್ಕಟೆ ಪ್ರತಿಯಲ್ಲಿ ಇಪ್ಪತ್ತು ಪುಟ ಓದಿ. ಹಿಡಿಸಿದರೆ, ನಕಾಶೆ ಪೂರ್ತಿ ಇದೆ ಅಂತ ಗೊತ್ತಾದರೆ, ಆಮೇಲೆ ದುಡ್ಡು ಹಾಕಿ.

ಸೆವೆಲ್: ಹಂಪಿಯಿಂದ ಬಂದವರಿಗೆ

ರಾಬರ್ಟ್ ಸೆವೆಲ್ ಮದ್ರಾಸ್ ಪ್ರಾಂತ್ಯದ ಬ್ರಿಟಿಷ್ ಅಧಿಕಾರಿ. 1900ರಲ್ಲಿ 'ಎ ಫರ್ಗಾಟನ್ ಎಂಪೈರ್' ಬರೆದ. ಹೆಸರೇ ಹೇಳುವ ಹಾಗೆ, ಆಗ ವಿಜಯನಗರವನ್ನು ಹೊರಗಿನ ಲೋಕ ಮರೆತಿತ್ತು. ಪುಸ್ತಕದ ಮೊದಲ ಭಾಗ ಸೆವೆಲ್ ಬರೆದ ಇತಿಹಾಸ. ಕೊನೆಯ ಭಾಗದಲ್ಲಿ ಪಾಯಸ್ ಮತ್ತು ನೂನಿಜ್ ಪೋರ್ಚುಗೀಸಿನಲ್ಲಿ ಬರೆದದ್ದರ ಇಂಗ್ಲಿಷ್ ಅನುವಾದ. ಅವರ ಹಸ್ತಪ್ರತಿ ಪ್ಯಾರಿಸ್ಸಿನ ಗ್ರಂಥಾಲಯದಲ್ಲಿತ್ತು, 1897ರಲ್ಲಿ ಲಿಸ್ಬನ್‌ನಲ್ಲಿ ಅಚ್ಚಾಯಿತು, ಮೂರೇ ವರ್ಷಕ್ಕೆ ಸೆವೆಲ್ ಅದನ್ನು ಇಂಗ್ಲಿಷಿಗೆ ತಂದ.

ನನ್ನ ಸಲಹೆ ಇಷ್ಟು: ಮೊದಲ ಪುಟದಿಂದ ಶುರು ಮಾಡಬೇಡಿ. ನೇರವಾಗಿ ಪಾಯಸ್‌ಗೆ ಹೋಗಿ. ನಾನು ಮೊದಲ ಸಲ ಮೊದಲಿನಿಂದ ಓದಲು ಹೋಗಿ, ಯುದ್ಧ, ಪಟ್ಟಾಭಿಷೇಕ, ಮತ್ತೆ ಯುದ್ಧ ಅಂತ ಸುಸ್ತಾಗಿ ಬಿಟ್ಟಿದ್ದೆ. ಎರಡು ವರ್ಷ ಕಳೆದ ಮೇಲೆ ಯಾರೋ ಹೇಳಿದರು ಅಂತ ಪಾಯಸ್ ತೆರೆದೆ. ಅವತ್ತು ರಾತ್ರಿ ಮಲಗಿದ್ದು ಎರಡು ಗಂಟೆಗೆ.

ಪಾಯಸ್ 1520ರ ಆಸುಪಾಸಿನಲ್ಲಿ ಕೃಷ್ಣದೇವರಾಯನ ಕಾಲದಲ್ಲೇ ಅಲ್ಲಿದ್ದ. ರಾಜನನ್ನು ಹತ್ತಿರದಿಂದ ಕಂಡ. ಮಧ್ಯಮ ಎತ್ತರ, ಬೆಳ್ಳಗಿನ ಬಣ್ಣ, ತೆಳುವಿಗಿಂತ ಸ್ವಲ್ಪ ದಪ್ಪ ಅನ್ನಬಹುದಾದ ಮೈಕಟ್ಟು, ಮುಖದ ಮೇಲೆ ಸಿಡುಬಿನ ಕಲೆ. ನಾವು ಸಿನಿಮಾದಲ್ಲಿ ನೋಡಿದ ಕೃಷ್ಣದೇವರಾಯನ ಮುಖದಲ್ಲಿ ಸಿಡುಬಿನ ಕಲೆ ಇರಲಿಲ್ಲ, ಅಲ್ವಾ? ಈ ರಾಜ ಬೆಳಗಾಗುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿಯುತ್ತಾನೆ. ಮೈಗೆಲ್ಲ ಅದೇ ಎಣ್ಣೆ ತಿಕ್ಕಿಸಿಕೊಳ್ಳುತ್ತಾನೆ. ಮಣ್ಣಿನಿಂದ ಮಾಡಿದ ಭಾರದ ಗುಂಡುಗಳನ್ನು ಎತ್ತುತ್ತಾನೆ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಹೋಗುವ ತನಕ ಕತ್ತಿ ಬೀಸುತ್ತಾನೆ, ಒಬ್ಬ ಪೈಲ್ವಾನನ ಜೊತೆ ಕುಸ್ತಿ ಹಿಡಿಯುತ್ತಾನೆ, ಆಮೇಲೆ ಕುದುರೆ ಹತ್ತಿ ಬಯಲಿನಲ್ಲಿ ಬೆಳಕು ಹರಿಯುವವರೆಗೂ ಓಡಿಸುತ್ತಾನೆ. ಇಷ್ಟೆಲ್ಲ ಸ್ನಾನಕ್ಕೆ ಮೊದಲು. ಇದನ್ನು ಓದಿದ ಮೇಲೆ ನನಗೆ ಹಂಪಿಯ ಅರಮನೆಯ ಖಾಲಿ ಕಟ್ಟೆಗಳು ಖಾಲಿ ಕಾಣಲಿಲ್ಲ.

ಒಂದು ಗುಡ್ಡ ಹತ್ತಿ ಪಾಯಸ್ ಊರನ್ನು ನೋಡುತ್ತಾನೆ. ರೋಮ್‌ನಷ್ಟು ದೊಡ್ಡದು ಅನ್ನಿಸಿತು ಅನ್ನುತ್ತಾನೆ. ಜನಸಂಖ್ಯೆ ಮಾತ್ರ ಬರೆಯುವುದಿಲ್ಲ, ಬರೆದರೆ ಕಟ್ಟುಕಥೆ ಅಂದುಕೊಳ್ಳುತ್ತಾರೆ ಅಂತ. ಸಂತೆಯಲ್ಲಿ ಏನೇನು ಕಾಳು ಸಿಗುತ್ತದೆ, ಅಕ್ಕಿ, ಹೆಸರು, ಹುರುಳಿ ಎಲ್ಲ ಎಣಿಸುತ್ತಾನೆ. ಮಹಾನವಮಿಯ ಒಂಬತ್ತು ದಿನವನ್ನು ಕಣ್ಣಿಗೆ ಕಟ್ಟುವ ಹಾಗೆ ಬರೆಯುತ್ತಾನೆ. ಕೆರೆ ಕಟ್ಟುವಾಗ 15 ಸಾವಿರವೋ 20 ಸಾವಿರವೋ ಜನ ಇರುವೆಗಳ ಹಾಗೆ ಕೆಲಸ ಮಾಡುತ್ತಿದ್ದರು ಅನ್ನುತ್ತಾನೆ. ಅದೇ ಕೆರೆ ಎರಡು ಮೂರು ಸಲ ಒಡೆದಾಗ ನರಬಲಿ ಕೊಟ್ಟರು ಅನ್ನುವುದನ್ನೂ ಮುಚ್ಚಿಡದೆ ಬರೆಯುತ್ತಾನೆ.

ನೂನಿಜ್ ಬೇರೆ ಥರ. ಅವನಿಗೆ ಲೆಕ್ಕದ ಮೇಲೆ ಕಣ್ಣು. ರಾಜ ವರ್ಷಕ್ಕೆ 13 ಸಾವಿರ ಕುದುರೆ ಕೊಳ್ಳುತ್ತಾನೆ ಅಂತ ಬರೆಯುವುದು ಅವನೇ. ಅರಮನೆಯೊಳಗಿನ ಖರ್ಚಿನ ಲೆಕ್ಕ ಬರೆಯುವವರು ಹೆಂಗಸರು, ಕುಸ್ತಿ ಮಾಡುವ ಹೆಂಗಸರೂ ಇದ್ದಾರೆ, ಜ್ಯೋತಿಷ್ಯ ಹೇಳುವವರೂ ಇದ್ದಾರೆ ಅಂತ ತಿಳಿಯುವುದೂ ಅವನಿಂದ. 1520ರ ರಾಯಚೂರು ಯುದ್ಧದ ಅವನ ವರ್ಣನೆ ಉದ್ದವಾಗಿದೆ, ಯುದ್ಧದ ಕಥೆ ಇಷ್ಟಪಡುವವರಿಗೆ ಹಬ್ಬ.

ಕೊರತೆ ಏನು? ಸೆವೆಲ್‌ನ ಸ್ವಂತ ಭಾಗ. ವಿಜಯನಗರ ಅಂದರೆ ಮುಸ್ಲಿಂ ದಾಳಿಯನ್ನು ತಡೆದು ನಿಂತ ಹಿಂದೂ ಕೋಟೆ ಅನ್ನುವ ಚಿತ್ರವನ್ನು ಅವನು ಮೊದಲಲ್ಲೇ ಕಟ್ಟುತ್ತಾನೆ, ನಾವು ಶಾಲೆಯಲ್ಲಿ ಕಲಿತದ್ದೂ ಅದೇ. ನಿಜ ಇದಕ್ಕಿಂತ ಸಿಕ್ಕುಸಿಕ್ಕಾಗಿದೆ. ವಿಜಯನಗರದ ಸೈನ್ಯದಲ್ಲಿ ಮುಸ್ಲಿಂ ಸೈನಿಕರಿದ್ದರು. 1565ರ ಯುದ್ಧದಲ್ಲಿ ಸತ್ತ ರಾಮರಾಯ ಮೊದಲು ಗೋಲ್ಕೊಂಡದ ಸುಲ್ತಾನನ ಬಳಿ ಕೆಲಸದಲ್ಲಿದ್ದವನು. ಆದ್ದರಿಂದ ಸೆವೆಲ್ ಓದಿದವರು ಅದರ ಜೊತೆಗೆ ಈ ಕಾಲದ ಒಂದು ಪುಸ್ತಕವನ್ನು ಓದಲೇಬೇಕು. ರಿಚರ್ಡ್ ಈಟನ್ 2005ರಲ್ಲಿ ಬರೆದ ದಖನ್ನಿನ ಸಾಮಾಜಿಕ ಇತಿಹಾಸ ನನ್ನ ಆಯ್ಕೆ. ಎಂಟು ಜನರ ಬದುಕಿನ ಮೂಲಕ 1300ರಿಂದ 1761ರವರೆಗಿನ ಕಥೆ ಹೇಳುತ್ತಾನೆ. ಅದರಲ್ಲಿ ರಾಮರಾಯ ಇದ್ದಾನೆ, ಕಲಬುರಗಿಯ ಗೇಸುದರಾಜ್ ಇದ್ದಾರೆ, ಬೀದರಿನ ಮಹಮೂದ್ ಗವಾನ್ ಇದ್ದಾನೆ. ಅದು ಸ್ವಲ್ಪ ಭಾರ ಅನ್ನಿಸಿದರೆ ಮನು ಪಿಳ್ಳೈ ಅವರ 'ರೆಬೆಲ್ ಸುಲ್ತಾನ್ಸ್' ಇದೆ, 2018ರದ್ದು, ಕಥೆಯ ಹಾಗೆ ಓದಿಸಿಕೊಂಡು ಹೋಗುತ್ತದೆ.

ಸೆವೆಲ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ. ಮೊಬೈಲಿನಲ್ಲೂ ಓದಲು ಸಲೀಸು, ಯಾಕೆಂದರೆ ಅದು ಸ್ಕ್ಯಾನ್ ಮಾಡಿದ ಚಿತ್ರವಲ್ಲ, ಟೈಪ್ ಮಾಡಿದ ಪಠ್ಯ.

ಹದಿನೈದನೇ ಶತಮಾನದ ನಾಲ್ವರು

ಹಳೆಯ ಪ್ರವಾಸಿಗರ ಬರಹಗಳನ್ನು ಅಚ್ಚು ಹಾಕುವ ಹಕ್ಲೂಟ್ ಸೊಸೈಟಿ 1857ರಲ್ಲಿ ತಂದ 'ಇಂಡಿಯಾ ಇನ್ ದ ಫಿಫ್ಟೀಂತ್ ಸೆಂಚುರಿ' ಒಂದೇ ಪುಸ್ತಕದಲ್ಲಿ ನಾಲ್ಕು ಜನ ಪ್ರವಾಸಿಗರನ್ನು ಕೊಡುತ್ತದೆ. ಆರ್.ಎಚ್. ಮೇಜರ್ ಸಂಪಾದಕ. ಬೇಗ ಬೇಸರವಾಗುವವರಿಗೆ ಇದು ಒಳ್ಳೆಯದು, ಒಬ್ಬನು ಹಿಡಿಸದಿದ್ದರೆ ಇನ್ನೊಬ್ಬನಿಗೆ ಹೋಗಬಹುದು.

ನನಗೆ ಇದರಲ್ಲಿ ಇಬ್ಬರು ಪ್ರೀತಿ. ಒಬ್ಬ ಅಬ್ದುಲ್ ರಜಾಕ್. ಈಗಿನ ಅಫ್ಘಾನಿಸ್ತಾನದ ಹೆರಾತಿನಿಂದ ಶಾಹರುಖ್ ದೊರೆಯ ರಾಯಭಾರಿಯಾಗಿ ಬಂದವನು, 1443ರಲ್ಲಿ ವಿಜಯನಗರ ತಲುಪಿದ. ಅವನಿಗೆ ಸಮುದ್ರ ಅಂದರೆ ಪ್ರಾಣಭಯ. ಹೊರ್ಮುಜ್‌ನಲ್ಲಿ ಹಡಗಿನ ವಾಸನೆ ಮೂಗಿಗೆ ಬಡಿದಿದ್ದೇ ತಡ ಪ್ರಜ್ಞೆ ತಪ್ಪಿ, ಮೂರು ದಿನ ಉಸಿರಾಡುತ್ತಿದ್ದದ್ದು ಬಿಟ್ಟರೆ ಬದುಕಿದ್ದ ಗುರುತೇ ಇರಲಿಲ್ಲ ಅಂತ ತಾನೇ ಬರೆದಿದ್ದಾನೆ. ಅಂಥವನು ಕಲ್ಲಿಕೋಟೆಗೆ ಬಂದು, ಅಲ್ಲಿಂದ ಮಂಗಳೂರಿಗೆ ಬಂದು, ಘಟ್ಟ ಹತ್ತಿ ವಿಜಯನಗರದ ಏಳು ಸುತ್ತಿನ ಕೋಟೆಯ ಮುಂದೆ ನಿಲ್ಲುತ್ತಾನೆ. ಕಣ್ಣಿನ ಪಾಪೆ ಇಂಥದ್ದನ್ನು ಕಂಡಿಲ್ಲ, ಕಿವಿ ಕೇಳಿಲ್ಲ ಅನ್ನುವ ಆ ಪ್ರಸಿದ್ಧ ಮಾತು ಇವನದು. ಅರಮನೆಯಿಂದ ಇವನಿಗೆ ದಿನಕ್ಕೆ ಬರುತ್ತಿದ್ದ ಪಡಿ ಎಷ್ಟು ಅಂತಲೂ ಬರೆದಿದ್ದಾನೆ: 2 ಕುರಿ, 4 ಜೊತೆ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ, ಮೇಲೆ 2 ವರಹ ಚಿನ್ನ.

ಇನ್ನೊಬ್ಬ ಅಫನಾಸಿ ನಿಕಿತಿನ್, ರಷ್ಯಾದ ತ್ವೇರ್ ಊರಿನ ವ್ಯಾಪಾರಿ. 1470ರ ಸುಮಾರಿಗೆ ಬೀದರಿನಲ್ಲಿದ್ದ. ಮಾರಲು ಒಂದು ಕುದುರೆ ತಂದಿದ್ದ. ಜುನ್ನಾರಿನಲ್ಲಿ ಅಲ್ಲಿನ ಖಾನ ಅದನ್ನು ಕಿತ್ತುಕೊಂಡು, ಮತ ಬದಲಿಸಿದರೆ ಕೊಡುತ್ತೇನೆ ಅಂದ. ಖುರಾಸಾನಿನ ಒಬ್ಬ ಮುಸ್ಲಿಂ ಮಧ್ಯೆ ಬಂದು ಬಿಡಿಸಿಕೊಟ್ಟ. ದಾರಿಯಲ್ಲಿ ಕಳ್ಳರು ಅವನ ಪುಸ್ತಕಗಳನ್ನೆಲ್ಲ ದೋಚಿದ್ದರು. ಹಾಗಾಗಿ ಈಸ್ಟರ್ ಯಾವತ್ತು, ಉಪವಾಸ ಯಾವತ್ತು ಅಂತ ತಿಳಿಯದೆ ಒದ್ದಾಡುತ್ತಾನೆ. ಹಬ್ಬದ ದಿನವೇ ಗೊತ್ತಿಲ್ಲದ ಊರಿನಲ್ಲಿ ಒಬ್ಬನೇ ಕೂತ ಮನುಷ್ಯ. ಅವನ ಬರಹದ ಈ ಭಾಗ ಓದುವಾಗ ಗಂಟಲು ಕಟ್ಟುತ್ತದೆ. ಬೀದರಿನ ಅಮೀರರ ಸಿರಿ, ಹಳ್ಳಿಯವರ ಬಡತನ ಎರಡನ್ನೂ ಅವನು ಎರಡೇ ಸಾಲಿನಲ್ಲಿ ಹೇಳುತ್ತಾನೆ. ಆಳಂದದ ಜಾತ್ರೆಗೆ 20 ಸಾವಿರ ಕುದುರೆ ಬರುತ್ತವೆ ಅನ್ನುತ್ತಾನೆ. ಕಲಬುರಗಿ, ಬೀದರ್ ಕಡೆಯವರು ಹಂಪಿಯ ಪುಸ್ತಕಗಳನ್ನು ಪಕ್ಕಕ್ಕಿಟ್ಟು ಇವನಿಂದ ಶುರು ಮಾಡಬೇಕು. ವಾಪಸು ಹೋಗುವಾಗ ತನ್ನ ಊರು ಮುಟ್ಟುವ ಮೊದಲೇ, ಸ್ಮೊಲೆನ್ಸ್ಕ್ ಹತ್ತಿರ ತೀರಿಕೊಂಡ.

ಇದರ ಕಷ್ಟ ಅಂದರೆ ಅನುವಾದ. ರಜಾಕ್ ಪಾರ್ಸಿಯಿಂದ ಫ್ರೆಂಚಿಗೆ, ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಿದ್ದಾನೆ. ಊರಿನ ಹೆಸರುಗಳು ಗುರುತೇ ಸಿಗುವುದಿಲ್ಲ.

ದೆಲ್ಲಾ ವಲ್ಲೆ: ಮಲೆನಾಡು, ಕರಾವಳಿಯವರಿಗೆ

ಈಗ ಆ ಮರಳಿನ ಮಗ್ಗಿ. ಪಿಯೆತ್ರೊ ದೆಲ್ಲಾ ವಲ್ಲೆ ರೋಮಿನ ಶ್ರೀಮಂತ. ಪರ್ಷಿಯಾದಲ್ಲಿ ಹೆಂಡತಿ ತೀರಿಕೊಂಡಳು. ಅವಳ ದೇಹವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡೇ ವರ್ಷಗಟ್ಟಲೆ ತಿರುಗಿ, ಕೊನೆಗೆ ರೋಮಿಗೆ ಕೊಂಡೊಯ್ದು ಮಣ್ಣು ಮಾಡಿದ. ಈ ತಿರುಗಾಟದ ನಡುವೆ 1623ರಲ್ಲಿ, ಗೋವಾದಿಂದ ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಸೇರಿಕೊಂಡು ಹೊನ್ನಾವರ, ಗೇರುಸೊಪ್ಪೆ ದಾರಿಯಲ್ಲಿ ಘಟ್ಟ ಹತ್ತಿದ.

ಘಟ್ಟದ ಒಂದು ದೇವಸ್ಥಾನದ ಜಗುಲಿಯಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುತ್ತಿದ್ದರು. ನೆಲದ ಮೇಲೆ ನುಣ್ಣನೆಯ ಮರಳು ಹರಡಿತ್ತು. ಒಬ್ಬ ರಾಗವಾಗಿ 'ಒಂದೊಂದ್ಲಿ ಒಂದು' ಅನ್ನುವ ಥರ ಹೇಳುತ್ತಾ ಬೆರಳಿನಿಂದ ಮರಳಿನ ಮೇಲೆ ಅಂಕಿ ಬರೆಯುತ್ತಾನೆ, ಉಳಿದವರೂ ಅದನ್ನೇ ಹಾಡಿ ಬರೆಯುತ್ತಾರೆ. ಮರಳು ತುಂಬಿದರೆ ಅಳಿಸಿ ಹೊಸ ಮರಳು ಹರಡುವುದು. ಕಾಗದದ ಖರ್ಚಿಲ್ಲ. ದೆಲ್ಲಾ ವಲ್ಲೆ ನಿಂತು ನೋಡುತ್ತಾನೆ, ಕೇಳುತ್ತಾನೆ, ಬರೆದುಕೊಳ್ಳುತ್ತಾನೆ. ನಾಲ್ಕು ನೂರು ವರ್ಷ ಆಯಿತು. ನನ್ನ ಅಜ್ಜಿ ಮಗ್ಗಿ ಹೇಳುತ್ತಿದ್ದದ್ದು ಅದೇ ರಾಗದಲ್ಲೇ ಇರಬೇಕು ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ.

ಉಳ್ಳಾಲದ ರಾಣಿಯನ್ನೂ ಇವನು ಕಂಡ. ಅವಳು ಸಿಂಹಾಸನದಲ್ಲಿರಲಿಲ್ಲ. ಹೊಲಕ್ಕೆ ನೀರು ಹರಿಸಲು ಕಾಲುವೆ ತೋಡಿಸುತ್ತಾ ಬರಿಗಾಲಲ್ಲಿ ನಿಂತಿದ್ದಳು. ಸೊಂಟಕ್ಕೆ ದಪ್ಪನೆಯ ಬಿಳಿ ಹತ್ತಿ ಬಟ್ಟೆ, ಮೇಲೆ ಒಬ್ಬ ಹಿಡಿದ ಛತ್ರಿ. ವಯಸ್ಸು ನಲವತ್ತಿರಬಹುದು ಅಂತ ಅಂದಾಜು ಮಾಡುತ್ತಾನೆ. ನೋಡಲು ಅಡುಗೆಮನೆಯ ಕೆಲಸದವಳ ಹಾಗಿದ್ದಳು, ಆದರೆ ಬಾಯಿ ತೆರೆದಾಗ ರಾಣಿ ಅನ್ನುವುದು ತಿಳಿಯಿತು ಅನ್ನುತ್ತಾನೆ. ಬಣ್ಣದ ಬಗ್ಗೆ, ಬಟ್ಟೆಯ ಬಗ್ಗೆ ಅವನ ಮಾತಿನಲ್ಲಿ ಅಹಂಕಾರವಿದೆ, ಓದುವಾಗ ಸಿಟ್ಟು ಬರುತ್ತದೆ. ಆದರೂ ಕಾಲುವೆಯ ಬದಿಯಲ್ಲಿ ಬರಿಗಾಲಲ್ಲಿ ನಿಂತ ರಾಣಿಯನ್ನು ನಮಗೆ ಕೊಟ್ಟವನು ಅವನೇ. ಇಕ್ಕೇರಿಯಲ್ಲಿ ಗಂಡನ ಹಿಂದೆ ಸಾಯಲು ಹೊರಟ ಒಬ್ಬ ಹೆಂಗಸಿನ ಜೊತೆ ಕೂತು ಮಾತಾಡಿದ್ದನ್ನೂ ಬರೆದಿದ್ದಾನೆ. ಬೇಡ ಅಂತ ಹೇಳಿ ನೋಡಿದ, ಅವಳು ಕೇಳಲಿಲ್ಲ. ಗಟ್ಟಿ ಮನಸ್ಸಿದ್ದಾಗ ಓದಿ.

ಕಣ್ಣಾರೆ ಕಂಡದ್ದು ಅನ್ನುವ ಅಳತೆಯಲ್ಲಿ ಇವನಿಗೆ ನಾನು ಮೊದಲ ಸ್ಥಾನ ಕೊಡುತ್ತೇನೆ. ಗೆಳೆಯನಿಗೆ ಬರೆದ ಪತ್ರಗಳಾದ್ದರಿಂದ ಸಣ್ಣ ಸಣ್ಣ ವಿವರವೂ ಇದೆ. ಆದರೆ ಇಂಗ್ಲಿಷ್ ಅನುವಾದ 1664ರದ್ದು. ಎಡ್ವರ್ಡ್ ಗ್ರೇ 1892ರಲ್ಲಿ ಟಿಪ್ಪಣಿ ಸೇರಿಸಿ ಎರಡು ಸಂಪುಟವಾಗಿ ತಂದಾಗಲೂ ಆ ಅನುವಾದವನ್ನೇ ಇಟ್ಟುಕೊಂಡ. ವಾಕ್ಯಗಳು ಮಾರುದ್ದ. ಮೊದಲ ಪುಸ್ತಕವಾಗಿ ಬೇಡ, ಮೂರನೆಯದೋ ನಾಲ್ಕನೆಯದೋ ಆಗಲಿ. ಸಾಗರ, ಹೊನ್ನಾವರ, ಮಂಗಳೂರು ಕಡೆಯವರಾದರೆ ಮಾತ್ರ ಈ ನಿಯಮ ಮುರಿಯಿರಿ.

ಬುಕನನ್: ಹೊಲ, ಮಗ್ಗ, ಸಂತೆ ಗೊತ್ತಿರುವವರಿಗೆ

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿ, ಗೆದ್ದ ನೆಲದಲ್ಲಿ ಏನಿದೆ ಅಂತ ನೋಡಿ ಬರಲು ಫ್ರಾನ್ಸಿಸ್ ಬುಕನನ್ ಎಂಬ ಡಾಕ್ಟರನ್ನು ಕಳಿಸಿದ. ಅವನು 1800ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟು, ಕೋಲಾರ, ಬೆಂಗಳೂರು, ಶ್ರೀರಂಗಪಟ್ಟಣ, ಶಿರಾ ಎಲ್ಲ ಸುತ್ತಿ, ಮಲಬಾರಿಗೆ ಇಳಿದು, ಮಂಗಳೂರು, ಕಾರವಾರ ನೋಡಿ, ಮತ್ತೆ ಘಟ್ಟ ಹತ್ತಿ ಬನವಾಸಿ, ಇಕ್ಕೇರಿ, ಚಿತ್ರದುರ್ಗದ ಮೇಲೆ ವಾಪಸಾದ. 1807ರಲ್ಲಿ ಮೂರು ದಪ್ಪ ಸಂಪುಟ ಬಂತು.

ಇದು ಕಥೆಯ ಪುಸ್ತಕ ಅಲ್ಲ. ಇವತ್ತು ಇಷ್ಟು ಮೈಲಿ ನಡೆದೆ, ಮಣ್ಣು ಹೀಗಿದೆ, ಬೆಳೆ ಇಂಥದ್ದು, ಗೇಣಿ ಇಷ್ಟು, ಕಬ್ಬಿಣ ಹೀಗೆ ಕರಗಿಸುತ್ತಾರೆ, ರೇಷ್ಮೆಗೆ ಬಣ್ಣ ಹೀಗೆ ಹಾಕುತ್ತಾರೆ. ಪುಟಗಟ್ಟಲೆ ಇದೇ. ಸುಮ್ನೆ ಓದುತ್ತಾ ಹೋಗುವವರಿಗೆ ಒಣ ಅನ್ನಿಸುತ್ತದೆ. ಆದರೆ ನಾನು ಈ ಪಟ್ಟಿಯಲ್ಲಿ ಒಂದೇ ಒಂದನ್ನು ಇಟ್ಟುಕೊಳ್ಳಬಹುದು ಅಂದರೆ ಇದನ್ನೇ ಇಟ್ಟುಕೊಳ್ಳುತ್ತೇನೆ.

ಯಾಕೆ ಅಂತ ಹೇಳುತ್ತೇನೆ. ಬುಕನನ್ ರಾಗಿ ಬಿತ್ತನೆಯ ಬಗ್ಗೆ ತುಂಬ ವಿವರವಾಗಿ ಬರೆದಿದ್ದಾನೆ. ಎಷ್ಟು ಸಲ ಉಳಬೇಕು, ಗೊಬ್ಬರ ಯಾವಾಗ, ರಾಗಿಯ ಸಾಲುಗಳ ನಡುವೆ ಅವರೆ, ತೊಗರಿ ಹೇಗೆ ಹಾಕುತ್ತಾರೆ, ಎಲ್ಲ. ಜೊತೆಗೆ ಕೂರಿಗೆಯ ಚಿತ್ರವನ್ನೂ ಕೊಟ್ಟಿದ್ದಾನೆ. ನಮ್ಮೂರು ಗುಬ್ಬಿ ಕಡೆ. ಒಂದು ಭಾನುವಾರ ಆ ಚಿತ್ರವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಸುಮಾರು ಹೊತ್ತು ನೋಡಿದರು. "ಇದು ನಮ್ಮನೆ ಕೂರಿಗೆನೇ ಕಣೋ," ಅಂದರು. ಆಮೇಲೆ ಅವರೇ ಶುರು ಮಾಡಿದರು. ತಾತ ಎತ್ತು ಹೊಡೆಯುತ್ತಿದ್ದದ್ದು, ಅಜ್ಜಿ ಕೂರಿಗೆ ಬಟ್ಟಲಿಗೆ ಕೈಯಿಂದ ಒಂದೇ ಸಮ ರಾಗಿ ಬಿಡುತ್ತಾ ಹಿಂದೆ ನಡೆಯುತ್ತಿದ್ದದ್ದು, ಅವಳ ಕೈ ತಪ್ಪಿದರೆ ಸಾಲಿನಲ್ಲಿ ಬೋಳು ಬೀಳುತ್ತಿದ್ದದ್ದು, ಅಜ್ಜಿಯ ಕೈ ತಪ್ಪುತ್ತಲೇ ಇರಲಿಲ್ಲ ಅನ್ನುವುದು. ನಾನು ಅಲ್ಲಿಯವರೆಗೆ ಇದ್ಯಾವುದನ್ನೂ ಅವರ ಬಾಯಲ್ಲಿ ಕೇಳಿರಲಿಲ್ಲ. ಇನ್ನೂರು ವರ್ಷದ ಹಿಂದೆ ಒಬ್ಬ ಸ್ಕಾಟ್ಲೆಂಡಿನವನು ಬರೆದಿಟ್ಟ ಚಿತ್ರ ಅವರ ಬಾಯಿ ಬಿಡಿಸಿತು.

ಬುಕನನ್‌ನನ್ನೂ ಕಣ್ಣು ಮುಚ್ಚಿ ನಂಬಬೇಡಿ. ಅವನು ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆ ಬಂದವನು, ಈ ನೆಲದಿಂದ ಏನು ಸಿಗುತ್ತದೆ ಅನ್ನುವುದೇ ಅವನಿಗೆ ಕೊಟ್ಟ ಪ್ರಶ್ನೆ. ದುಭಾಷಿಯ ಮೂಲಕ ಕೇಳಿದ್ದು. ಟಿಪ್ಪುವಿನ ಬಗ್ಗೆ ಬರೆಯುವಾಗ ಗೆದ್ದವರ ಕಡೆಯವನಾಗಿಯೇ ಬರೆಯುತ್ತಾನೆ. ಜಾತಿಗಳ ಬಗ್ಗೆ ಅವನ ಕೆಲವು ಮಾತು ಕಹಿ. ಮಣ್ಣು, ಬೆಳೆ, ಉಪಕರಣ, ಕಸುಬು ಇವುಗಳಲ್ಲಿ ಅವನ ಕಣ್ಣು ಚುರುಕು, ಜನರ ಮನಸ್ಸಿನ ವಿಷಯದಲ್ಲಿ ಅಲ್ಲ.

ಮೂರು ಸಂಪುಟದ ಮರುಮುದ್ರಣ ಕೊಳ್ಳಲು ಹೋದರೆ ಕೈ ಕಚ್ಚುತ್ತದೆ. ಆರ್ಕೈವ್‌ನಲ್ಲಿ ಮೂರೂ ಪುಕ್ಕಟೆ ಇವೆ.

ಉಳಿದವು, ಬೇಗ ಬೇಗ

ಇಬ್ನ್ ಬತೂತ 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ. ಅಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆ ಅನ್ನುತ್ತಾನೆ. ಅನ್ನ, ತುಪ್ಪ, ಉಪ್ಪಿನಕಾಯಿ, ಕೊನೆಗೆ ಮೊಸರು, ಹೀಗೆ ಸುಲ್ತಾನನ ಮನೆಯ ಊಟವನ್ನು ಒಂದೊಂದಾಗಿ ಬಡಿಸುತ್ತಾನೆ. ಓದಿದರೆ ಕರಾವಳಿಯ ಎಲೆ ಊಟವೇ ಕಣ್ಮುಂದೆ ಬರುತ್ತದೆ. ಮುಂದೆ ಮೂರು ವರ್ಷ ಅನ್ನ ಬಿಟ್ಟು ಬೇರೆ ಸಿಗದೆ, ನೀರು ಕುಡಿದು ನುಂಗಬೇಕಾಯಿತು ಅಂತ ಹೇಳಿಕೊಳ್ಳುತ್ತಾನೆ. ಆದರೆ ಇದೆಲ್ಲ ಅವನು ಊರಿಗೆ ಹೋದ ಮೇಲೆ ನೆನಪಿನಿಂದ ಹೇಳಿ ಬರೆಸಿದ್ದು. ಲೋಕವನ್ನೇ ಸುತ್ತಿ ಬರುವ ಆಸೆ ಇದ್ದರೆ 1929ರಲ್ಲಿ ಗಿಬ್ ಮಾಡಿದ ಒಂದೇ ಸಂಪುಟದ ಸಂಗ್ರಹ ಸಾಕು. ಕರ್ನಾಟಕವಷ್ಟೇ ಬೇಕು ಅನ್ನುವವರು ಆ ಪುಟಗಳನ್ನು ಲೈಬ್ರರಿಯಲ್ಲಿ ಓದಿ ಬನ್ನಿ.

ಜಾನ್ ಕೀ ಅವರ 'ದ ಗ್ರೇಟ್ ಆರ್ಕ್' 2000ದಲ್ಲಿ ಬಂದದ್ದು. ವಿಲಿಯಂ ಲ್ಯಾಂಬ್ಟನ್ ಶುರು ಮಾಡಿದ ಭೂಮಾಪನದ ಕಥೆ. ಲ್ಯಾಂಬ್ಟನ್ 1799ರ ಮೈಸೂರು ಯುದ್ಧದಲ್ಲಿದ್ದವನು, ಅಳತೆಯ ಮೊದಲ ಪ್ರಯತ್ನ ಮಾಡಿದ್ದು ಬೆಂಗಳೂರಿನಲ್ಲಿ. ಕೋನ ಅಳೆಯುವ ಅರ್ಧ ಟನ್ ತೂಕದ ಯಂತ್ರ ಥಿಯೊಡೊಲೈಟನ್ನು ತಂಜಾವೂರಿನ ದೇವಸ್ಥಾನದ ಗೋಪುರಕ್ಕೆ ಏರಿಸುವಾಗ ಹಗ್ಗ ಹರಿದು ಅದು ಗೋಡೆಗೆ ಬಡಿಯಿತು. ಲ್ಯಾಂಬ್ಟನ್ ಡೇರೆಯೊಳಗೆ ಬಾಗಿಲು ಹಾಕಿಕೊಂಡು ವಾರಗಟ್ಟಲೆ ಕೂತು ತಾನೇ ಸರಿ ಮಾಡಿದ. ಪುಸ್ತಕ ತೆಳು, ಇಂಗ್ಲಿಷ್ ಸುಲಭ, ಕಥೆಯ ವೇಗವಿದೆ. ಹತ್ತನೇ ಕ್ಲಾಸಿನ ಹುಡುಗ ಹುಡುಗಿಯರಿಗೆ ಉಡುಗೊರೆ ಕೊಡಲು ನಾನು ಆರಿಸುವುದು ಇದನ್ನೇ. ಆದರೆ ಇದು ಪುಕ್ಕಟೆ ಇಲ್ಲ, ಕೊಳ್ಳಬೇಕು. ಹಳ್ಳಿ ಸಂತೆ, ಜನಜೀವನ ಇದರಲ್ಲಿ ಹುಡುಕಬೇಡಿ.

ಇಂಗ್ಲಿಷ್ ಬೇಡವೇ ಬೇಡ ಅನ್ನುವವರಿಗೆ ಎಚ್.ಎಲ್. ನಾಗೇಗೌಡರ 'ಪ್ರವಾಸಿ ಕಂಡ ಇಂಡಿಯಾ' ಇದೆ. ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರಲ್ಲ, ಅವರೇ. ಅಧಿಕಾರಿಯಾಗಿ ದುಡಿಯುತ್ತಲೇ ಜಾನಪದದ ಕೆಲಸ ಮಾಡಿದ ಮನುಷ್ಯ, ಪ್ರಪಂಚದ ಪ್ರವಾಸಿಗರ ಬರಹಗಳನ್ನು ಹಲವು ಸಂಪುಟಗಳಲ್ಲಿ ಕನ್ನಡಕ್ಕೆ ತಂದರು. ಅಂಗಡಿಯಲ್ಲಿ ಪೂರ್ತಿ ಸೆಟ್ ಸಿಗುವುದು ಕಷ್ಟ. ನಿಮ್ಮ ಜಿಲ್ಲಾ ಗ್ರಂಥಾಲಯದಲ್ಲಿ, ಬೆಂಗಳೂರಿನವರಾದರೆ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದಲ್ಲಿ ಕೇಳಿ ನೋಡಿ. ಹಳೆ ಪುಸ್ತಕದ ಅಂಗಡಿಯಲ್ಲಿ ಬಿಡಿ ಸಂಪುಟ ಕಂಡರೆ ಯೋಚಿಸದೆ ತಗೊಳ್ಳಿ.

ಹಾಗಾದರೆ ಯಾವುದು?

ದುಡ್ಡು ಖರ್ಚು ಮಾಡುವ ಹಾಗಿಲ್ಲ, ಹಂಪಿ ತಲೆಯಲ್ಲಿ ಕೂತಿದೆ ಅಂದರೆ ಇವತ್ತೇ ಸೆವೆಲ್ ಇಳಿಸಿಕೊಂಡು ಪಾಯಸ್ ಓದಿ. ಎರಡು ಪುಸ್ತಕಕ್ಕೆ ದುಡ್ಡಿದೆ ಅಂದರೆ ಹಳೆಯದನ್ನು ಕೊಳ್ಳಬೇಡಿ, ಅದು ಪುಕ್ಕಟೆ ಸಿಗುತ್ತದೆ. ಆ ದುಡ್ಡನ್ನು ಈಟನ್‌ಗೋ ಕೀಗೋ ಹಾಕಿ. ಹಳೆಯ ಇಂಗ್ಲಿಷ್ ಕಂಡರೆ ಭಯ ಅನ್ನುವವರು ನಾಗೇಗೌಡರಿಂದ ಶುರು ಮಾಡಿ, ಯಾವ ಪ್ರವಾಸಿ ಹಿಡಿಸುತ್ತಾನೋ ಅವನ ಇಂಗ್ಲಿಷ್ ಪುಸ್ತಕಕ್ಕೆ ಆಮೇಲೆ ಹೋಗಿ, ಆಗ ಅರ್ಧ ವಿಷಯ ಗೊತ್ತಿರುವುದರಿಂದ ಭಾಷೆ ಅಷ್ಟು ತಡೆಯುವುದಿಲ್ಲ. ಇತಿಹಾಸದ ಪಾಠ ಮಾಡುವವರಿಗೆ ಮೇಜರ್‌ನ ಪುಸ್ತಕದಷ್ಟು ಉಪಯೋಗಕ್ಕೆ ಬರುವುದು ಇನ್ನೊಂದಿಲ್ಲ, ನಿಕಿತಿನ್‌ನ ನಾಲ್ಕು ಪುಟ ತರಗತಿಯಲ್ಲಿ ಜೋರಾಗಿ ಓದಿ ನೋಡಿ. ಅಪ್ಪ, ಅಮ್ಮ, ಅಜ್ಜಿ ಜೊತೆ ಕೂತು ಓದುವ ಆಸೆ ಇರುವವರಿಗೆ ಬುಕನನ್.

ಅಕ್ಕನ ಮಗಳು ಪಾಯಸ್ ಮುಗಿಸಿದಳು, ಈಟನ್ ತರಿಸಿಕೊಂಡಳು. ಮೊನ್ನೆ ಮತ್ತೆ ಫೋನು. "ಮಾವ, ಬುಕನನ್ ಪುಸ್ತಕದಲ್ಲಿ ನಮ್ಮೂರು ಹುಡುಕಿದೆ, ಇಲ್ಲವೇ ಇಲ್ಲ." ಇರುತ್ತದೆ. ಅವನು ಹೆಸರು ಬರೆಯುವ ರೀತಿ ಬೇರೆ. ಕೋಲಾರಕ್ಕೆ ಕೆ ಅಲ್ಲ, ಸಿ ಹಾಕುತ್ತಾನೆ. ಗುಬ್ಬಿಗೆ ಒಂದೇ ಬಿ. ಹಳ್ಳಿ ಅನ್ನುವುದನ್ನು ಎಚ್, ಯು, ಎರಡು ಎಲ್, ವೈ ಅಂತ ಬರೆಯುತ್ತಾನೆ, ದೊಡ್ಡ ಹೆಸರಾದರೆ ನಡುವೆ ಅಡ್ಡಗೆರೆ ಹಾಕಿ ತುಂಡು ತುಂಡು ಮಾಡುತ್ತಾನೆ. ಸರ್ಚ್‌ನಲ್ಲಿ ಈಗಿನ ಸ್ಪೆಲ್ಲಿಂಗ್ ಹಾಕಿದರೆ ಸಿಗುವುದಿಲ್ಲ. ಊರಿನ ಹೆಸರನ್ನು ಬಾಯಲ್ಲಿ ಜೋರಾಗಿ ಹೇಳಿ, ಕನ್ನಡ ಬಾರದ ಒಬ್ಬ ಪರದೇಶಿಯ ಕಿವಿಗೆ ಅದು ಹೇಗೆ ಕೇಳಿಸಿರಬಹುದು ಅಂತ ಊಹಿಸಿ, ಹಾಗೆ ಟೈಪ್ ಮಾಡಿ. ಅದೂ ಸಿಗದಿದ್ದರೆ ಪಕ್ಕದ ದೊಡ್ಡ ಊರನ್ನು ಹುಡುಕಿ, ಅಲ್ಲಿಂದ ಅವನು ಮರುದಿನ ಯಾವ ಕಡೆಗೆ ಹೊರಟ ಅಂತ ಎರಡು ಪುಟ ಮುಂದೆ ಓದಿ.